ಕಂಪ್ಯೂಟರಿಗೆ ಧೂಳು ತುಂಬಿದ ಕಾಕಾ

ಧೂಳು ಸಾಲದೆಂದು ಕೊರಗುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅದೂ ವಿಜಯಪುರದಲ್ಲಿ! ಶ್ರಾವಣದಲ್ಲೂ ಈಗಷ್ಟೇ ಒರೆಸಿದ ಕುರ್ಚಿಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದ ನಮ್ಮ ಊರಿನಲ್ಲಿ, ಕಂಪ್ಯೂಟರಿನ ಒಳಗೂ ಒಂದಿಷ್ಟು ಧೂಳಿರಲಿ ಎಂದು ಪಣ ತೊಟ್ಟವನು ನಮ್ಮ ಕಾಕಾ ಒಬ್ಬನೇ.

ಸೊಲ್ಲಾಪುರ ರಸ್ತೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋಗಳಲ್ಲಿ ವಧೂವರರನ್ನು ಚಂದ್ರನ ಮೇಲೆ ಕೂರಿಸಿ ಗುಲಾಬಿ ಪಕಳೆ ಸುರಿಸುವುದರಲ್ಲಿ ಒಂದು ಕಾಲಕ್ಕೆ ಅವನನ್ನು ಮೀರಿಸುವವರಿರಲಿಲ್ಲ. (ಚಂದ್ರನ ಮೇಲೆ ಮೊದಲು ಇಳಿದವರು ನಮ್ಮ ಜಿಲ್ಲೆಯವರೇ ಎಂದು ಅವನ ವಾದ!) ಈಗ ಮದುವೆಗಳಿಗೆ ಡ್ರೋನ್ ಬಂದಿವೆ, ಕಾಕಾ ಒಂದು ಹಳೆಯ ಕಾರ್ ರೇಸಿನ ಆಟದ ಮುಂದೆ ಕುಳಿತಿದ್ದಾನೆ. ಆಟದ ಒಳಗಿನ ಫೈಲುಗಳನ್ನು ಬಿಚ್ಚಿ ನಮಗೆ ಬೇಕಾದ ಹೊಗೆ, ಕಿಡಿ, ಮಳೆ ಸೇರಿಸುವುದಕ್ಕೆ ಮಾಡಿಂಗ್ ಎನ್ನುತ್ತಾರಂತೆ. ಅವನು ಮೊದಲು ಸೇರಿಸಿದ್ದು ಏನನ್ನು? ಗುಲಾಬಿ ಪಕಳೆಯನ್ನೇ! ಕಾರು ಗೋಡೆಗೆ ಗುದ್ದಿದರೆ ಮೇಲಿಂದ ಪಕಳೆ ಸುರಿದು, ಎರಡು ಕೆಂಪು ಹೃದಯಗಳು ತೇಲಿ ಬರುತ್ತಿದ್ದವು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಾಗರ ಪಂಚಮಿ ಹತ್ತಿರ ಬಂದಾಗ ಅವನ ಹೆಂಡತಿ, ಅಂದರೆ ನಮ್ಮ ಕಾಕಿ, ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಅವಳ ತವರು ತಿಕೋಟಾದ ಆಚೆಯ ಬಿಜ್ಜರಗಿ. ಮದುವೆಯಾದಾಗಿನಿಂದ ಒಂದು ಪಂಚಮಿಯನ್ನೂ ತಪ್ಪಿಸದೆ, ಕರೆಯಲು ಬಂದ ಅಣ್ಣನ ಜೊತೆ ಹೋಗಿ ಜೋಕಾಲಿ ಆಡಿ ಬಂದವಳು. ಪ್ಲಾಸ್ಟರ್ ಬಿಚ್ಚುವವರೆಗೆ ಪ್ರಯಾಣದ ಮಾತೇ ಬೇಡ ಎಂದರು ಡಾಕ್ಟರು. ಕಾಕಿ ಗೋಡೆಗೆ ಮುಖ ಮಾಡಿ ಮಲಗಿದಳು. ಕಾಕಾ? ಆಟದ ಮುಂದೆ ಕುಳಿತ!

"ತವರಿಗೆ ಹೋಗಾಕ ಆಗಂಗಿಲ್ಲಂತ ನಾ ಇಲ್ಲಿ ಸಂಕಟ ಪಡಾಕತ್ತೇನಿ, ಈ ಮನಶ್ಯಾಗ ಆಟ!" ಎಂದವಳೇ ಅವನ ಜೊತೆ ಮಾತು ಬಿಟ್ಟಳು. ಅದೇ ಮನೆಯಲ್ಲಿರುವ ನಾನು ಟಪಾಲು ಇಲಾಖೆಯಾದೆ.

"ನಿಮ್ಮ ಕಾಕಾಗ ಫ್ಯಾನ್ ಹಚ್ಚಂತ ಹೇಳು."

"ಎಷ್ಟರ ಮ್ಯಾಲ ಇಡಬೇಕಂತ ಕೇಳು."

ಇಬ್ಬರ ನಡುವೆ ಎರಡು ಮೊಳ ದೂರವೂ ಇರಲಿಲ್ಲ.

ಕಾಕಾನ ಚಿಂತೆಯೇ ಬೇರೆ. ಆಟದೊಳಗಿನ ರಸ್ತೆ ತೋರಿಸಿ ಅಂದ: "ಈ ರೋಡ್ ನೋಡಲೇ, ಗಾಡಿ ಹೋದ್ರ ಧೂಳ ಏಳಂಗಿಲ್ಲ! ಇದೇನ್ ರಸ್ತಾನೋ, ದವಾಖಾನಿನೋ?"

ಒಂದು ದಿನ ನನ್ನನ್ನು ಬಿಜ್ಜರಗಿ ರಸ್ತೆಗೆ ಎಳೆದೊಯ್ದ. ನಾನು ಬೈಕನ್ನು ಹಿಂದೆ ಮುಂದೆ ಓಡಿಸಬೇಕು. ಅವನು ಮದುವೆ ಕ್ಯಾಮೆರಾ ಹಿಡಿದು ರಸ್ತೆಯ ಅಂಚಿಗೆ ಬೋರಲು ಮಲಗಿ ಧೂಳಿನ ವಿಡಿಯೋ ತೆಗೆಯಬೇಕು. ಅಷ್ಟರಲ್ಲಿ ಜನ ತುಂಬಿದ ಟಂಟಂ ಆಟೋ ಒಂದು ಬಂದು ನಿಂತಿತು. "ಯಪ್ಪಾ, ಯಾರೋ ಬಿದ್ದಾರ ನೋಡ್ರಿ!" ಎಂದು ಜನ ಇಳಿದು ಓಡಿ ಬಂದು ಬಾಟಲಿ ನೀರು ಸುರಿದೇಬಿಟ್ಟರು. ಕಾಕಾ ಎದ್ದು ಕೂಗಾಡಿದ: "ನೀರ ಯಾಕ್ ಹಾಕಿದ್ರಿ? ಧೂಳ ಹಾಳಾತಲ್ರಿ!" ಪಾಪ, ಬಿಸಿಲು ತಲೆಗೇರಿದೆ ಎಂದುಕೊಂಡು ಅವರು ಇನ್ನೊಂದು ಬಾಟಲಿ ಸುರಿದರು.

ಆ ಧೂಳು ಆಟಕ್ಕೆ ಸೇರಿದ್ದೂ ಸುಲಭಕ್ಕಲ್ಲ. ಒಮ್ಮೆ ಕಾರೇ ಕಾಣದಷ್ಟು ಎದ್ದಿತು. ಇನ್ನೊಮ್ಮೆ ಕಾರು ನಿಂತಲ್ಲೇ ನಿಂತಿತ್ತು, ಧೂಳು ಮಾತ್ರ ಮುಂದೆ ಓಡಿಹೋಯಿತು!

ಪಂಚಮಿ ಬಂತು. ಕಾಕಿಯ ಅಣ್ಣ ಉಂಡಿಯ ಡಬ್ಬಿ ಹಿಡಿದು ಬಂದ. ಕಾಕಿ ಒಂದನ್ನೂ ಬಾಯಿಗಿಡಲಿಲ್ಲ. ಆಗ ಕಾಕಾ ಕಂಪ್ಯೂಟರನ್ನು ಮಂಚದ ಹತ್ತಿರ ತಂದಿಟ್ಟು, ಕೀಬೋರ್ಡನ್ನು ಅವಳ ತೊಡೆಯ ಮೇಲಿಟ್ಟ. "ಈ ಬಾಣದ ಗುಂಡಿ ಒತ್ತು."

"ನಿಮ್ಮ ಕಾಕಾಗ ಹುಚ್ಚ ಹಿಡದೈತಿ," ಎಂದು ನನಗೆ ಹೇಳಿಯೇ ಒತ್ತಿದಳು.

ಆಟದಲ್ಲಿದ್ದ ಪರದೇಶದ ಎತ್ತರದ ಕಟ್ಟಡಗಳೆಲ್ಲ ಎಲ್ಲಿ ಹೋದವೋ! ತೊರವಿಯ ಫಲಕ ಹಿಂದೆ ಸರಿಯಿತು. ತಿಕೋಟಾ ಬಂತು, ಹೋಯಿತು. ರಸ್ತೆ ಕಿರಿದಾಯಿತು, ಎರಡೂ ಬದಿಗೆ ದ್ರಾಕ್ಷಿ ತೋಟ, ಅಡ್ಡ ಬಂದ ಕುರಿಗಳು. "ಏ, ಇದು ನಮ್ಮೂರ ರಸ್ತಾ!" ಎಂದ ಅವಳ ಅಣ್ಣ. ಅಷ್ಟರಲ್ಲಿ ಮುಂದೆ ಹೋಗುತ್ತಿದ್ದ ಬಸ್ಸಿನ ಹಿಂದೆ ಧೂಳೆದ್ದು ಪರದೆಯ ತುಂಬ ಕವಿಯಿತು. ಕಾಕಿ ಥಟ್ಟನೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಯಾರೂ ನಗಲಿಲ್ಲ. ಕಣ್ಣನ್ನು ರಸ್ತೆಯ ಮೇಲೇ ಇಟ್ಟು, ಅಷ್ಟು ದಿನಗಳ ಮೇಲೆ ಅವಳು ನೇರವಾಗಿ ಗಂಡನಿಗೇ ಹೇಳಿದಳು: "ಗ್ಲಾಸ್ ಏರಸ್ರಿ, ಧೂಳ ಒಳಗ ಬರಾಕತ್ತೈತಿ."

ಕಾಕಾ ಎದ್ದು ಹೋಗಿ ಮಂಚದ ಪಕ್ಕದ ಕಿಟಕಿ ಮುಚ್ಚಿದ.