ಟ್ರೆವರ್ ಬ್ಲೋರನ ಫೋನ್ ಗಂಟಲು

ಶನಿವಾರ ಬೆಳಿಗ್ಗೆ ಟ್ರೆವರ್ ಬ್ಲೋರ್ ತನ್ನ ಮದುವೆಯ ಸೂಟನ್ನು ಹೊರಗೆ ತೆಗೆದ. ಗುಂಡಿ ಹಾಕಿಕೊಳ್ಳಲು ಅರ್ಧ ಗಂಟೆ ಹೋರಾಡಿ ಸೋತ.

"ಬರೋಳು ನಿನ್ ಮಾತು ಕೇಳಕ್ಕೆ ಬರ್ತಾವ್ಳೆ, ಹೊಟ್ಟೆ ನೋಡಕ್ಕಲ್ಲ. ಬಿಚ್ಚಾಕು ಅದನ್ನ," ಎಂದಳು ಹೆಂಡತಿ ಬೆರಿಲ್.

"ಸುಮ್ಕಿರೇ ನನ್ ಬಾತೂ. ನಾಳೆ ಮ್ಯೂಸಿಯಂನಾಗೆ ಗುಂಡಿ ಒತ್ತಿದ್ರೆ ಮಾತಾಡೋನು ನಾನೇ. ಒಂದು ಮರ್ವಾದೆ ಬ್ಯಾಡ್ವಾ?"

ಪಿಂಗಾಣಿ ಕಾರ್ಖಾನೆಗಳ ಊರಾದ ನಮ್ಮ ಬರ್ಸ್ಲೆಮ್‌ನಲ್ಲಿ ಗಂಡ ಹೆಂಡತಿಗೆ, ಕಟುಕ ಗಿರಾಕಿಗೆ, ಬಸ್ ಡ್ರೈವರ್ ಪಾದ್ರಿಗೆ, ಎಲ್ಲರೂ ಎಲ್ಲರಿಗೂ 'ಬಾತುಕೋಳಿ' ಅನ್ನುವುದೇ ಪ್ರೀತಿ. ಅವಸರವಿದ್ದರೆ ಬರೀ 'ಬಾತು'. ಅನ್ನುವುದು ಎಂದೆನೆ? ಅನ್ನುತ್ತಿದ್ದರು ಎನ್ನಬೇಕು. ಈಗಿನ ಹುಡುಗರ ಮಾತೆಲ್ಲ ಮೊಬೈಲಿನಿಂದ ಬಂದದ್ದು. ನಮ್ಮೂರ ಹುಡುಗ, ಲಂಡನ್ನಿನ ಹುಡುಗ ಇಬ್ಬರೂ ಬಾಯಿ ಬಿಟ್ಟರೆ ಒಂದೇ ಅಚ್ಚಿನಲ್ಲಿ ಒತ್ತಿದ ತಟ್ಟೆಗಳು.

ಟ್ರೆವರ್ ನಲವತ್ತು ವರ್ಷ ಪಿಂಗಾಣಿ ಕಾರ್ಖಾನೆಯ ಭಟ್ಟಿಯ ಮುಂದೆ ಬೆಂದವನು. ಭಟ್ಟಿ ಆರಿತು, ಚಿಮಣಿಗಳು ಉರುಳಿದವು, ಉಳಿದದ್ದು ನಾಲಿಗೆಯೊಂದೇ. ಅದೂ ತನ್ನ ಜೊತೆ ಮಣ್ಣಾಗುತ್ತದಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಿತ್ತು. ಹಾಗಾಗಿ, ಮರೆಯಾಗುತ್ತಿರುವ ಮಾತಿನ ರೀತಿಗಳನ್ನು, ಗುಂಡಿ ಒತ್ತಿದರೆ ಕೇಳಿಸುವ ಹಾಗೆ, ಮ್ಯೂಸಿಯಂಗೆ ಸಂಗ್ರಹಿಸುತ್ತಿದ್ದೇವೆ, ಗೊತ್ತಿರುವವರು ಫೋನ್ ಮಾಡಿ ಎಂದು ರೇಡಿಯೋದಲ್ಲಿ ಕೇಳಿದ್ದೇ ತಡ, ಫೋನಿಗೆ ಕೈ ಹಾಕಿದ್ದ. ಅವನು ನಾಲ್ಕು ಮಾತಾಡುವಷ್ಟರಲ್ಲಿ ಆ ಕಡೆಯಿದ್ದ ಮ್ಯೂಸಿಯಂನ ಭಾಷಾ ಪಂಡಿತೆ ಡಾಕ್ಟರ್ ಫಿಲಿಪಾ ಹಾರ್ಕೋರ್ಟ್, "ಸಾಕು ಸರ್, ಸಾಕು! ಇಂಥ ಮಾತು ಕೇಳಿ ಎಷ್ಟು ವರ್ಷ ಆಗಿತ್ತು! ಶನಿವಾರ ಬಂದೇ ಬರ್ತೀನಿ," ಎಂದು ಕುಣಿದಾಡಿದ್ದಳು.

ಟ್ರೆವರನಿಗೆ ಇದ್ದ ಹೆದರಿಕೆ ಒಂದೇ, ಪಕ್ಕದ ಮನೆಯ ಸಿರಿಲ್ ಟ್ಯಾಮ್ಸ್. ಸಿರಿಲ್ ಎಂಟು ವರ್ಷದವನಿದ್ದಾಗ ಪಕ್ಕದ ಊರು ಕಾಂಗಲ್ಟನ್ನಿನಿಂದ ಬಂದವನು. ಬಂದು ಅರುವತ್ತು ವರ್ಷವಾದರೂ ನಮ್ಮ ಬೀದಿಯ ಲೆಕ್ಕದಲ್ಲಿ ಅವನಿನ್ನೂ ನೆಂಟ. ಕಾಂಗಲ್ಟನ್ನಿನವರು ಹಿಂದೊಮ್ಮೆ ಬೈಬಲ್ ಮಾರಿ ಕರಡಿ ಕೊಂಡರು ಎಂದು ಇಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ತಾನು ಹಿಂಜರಿದರೆ ಆ ಕರಡಿಯವನು ಬರ್ಸ್ಲೆಮ್‌ನ ದನಿಯಾಗಿಬಿಡುತ್ತಾನೆ!

ಬಾಗಿಲ ಗಂಟೆ ಸದ್ದು ಮಾಡಿತು. "ಬಾ ನನ್ ಬಾತೂ" ಎನ್ನಲು ಬಾಯಿ ತೆರೆದೇ ಟ್ರೆವರ್ ಕದ ತೆಗೆದ. ಫಿಲಿಪಾಳ ಕೈಯಲ್ಲಿ ಮೈಕು ಕಂಡಿತು, ತುಪ್ಪಳ ಸುತ್ತಿದ್ದು, ಮೊಲದ ಮರಿಯ ಹಾಗೆ.

"ಶುಭೋದಯ, ಮಾನ್ಯರೇ," ಎಂದಿತು ಟ್ರೆವರನ ಬಾಯಿ. "ತಮ್ಮ ಆಗಮನದಿಂದ ನಮ್ಮ ಗೃಹವು ಪಾವನವಾಯಿತು. ದಯಮಾಡಿ ಒಳಗೆ ಚಿತ್ತೈಸಬೇಕು."

ಬೆರಿಲ್ ಹಣೆ ಚಚ್ಚಿಕೊಂಡಳು.

ಇದಕ್ಕೆ ಕಾರಣ ಟ್ರೆವರನ ತಾಯಿ ಎಲ್ಸಿ. ಬೀದಿಗೆಲ್ಲ ಮೊದಲು ಫೋನ್ ಬಂದದ್ದು ಅವಳ ಮನೆಗೆ. "ಆ ಕಡೆ ಯಾರಿರ್ತಾರೋ ಯಾರಿಗ್ಗೊತ್ತು? ಡಾಕ್ಟ್ರಿರಬೋದು, ಪಾದ್ರಿ ಇರಬೋದು, ರಾಣಿನೇ ಇರಬೋದು! ನೆಟ್ಟಗೆ ಮಾತಾಡ್ಲಾ!" ಎಂದು ಮರದ ಸೌಟು ಹಿಡಿದು ಮಗನಿಗೆ ಪಾಠ ಮಾಡಿದ್ದಳು. ಅಂದಿನಿಂದ ಫೋನಿರಲಿ, ಡಾಕ್ಟರಿರಲಿ, ಓದಿದವರು ಯಾರೇ ಇರಲಿ, ಟ್ರೆವರನಿಗೆ ಬೇರೆಯೇ ಗಂಟಲು. ಗೊರಕೆ ಹೊಡೆಯುವವನಿಗೆ ಗೊರಕೆ ಕೇಳಿಸದ ಹಾಗೆ, ಅದು ಅವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಬೆರಿಲ್ ಅವನನ್ನು ಅಡುಗೆಮನೆಗೆ ಎಳೆದೊಯ್ದಳು. "ಏನ್ ಮಾತದು? ಚರ್ಚಿನಾಗೆ ಹೆಣದ ಮುಂದೆ ಓದ್ದಂಗೆ!"

"ಏನಾಗದೆ ನನ್ ಮಾತಿಗೆ? ಯಾವಾಗ್ಲೂ ಆಡ್ದಂಗೇ ಆಡ್ತಾ ಇವ್ನಿ," ಎಂದ ಟ್ರೆವರ್, ಅಪ್ಪಟ ಬರ್ಸ್ಲೆಮ್ ಮಾತಿನಲ್ಲಿ. ಮತ್ತೆ ಹಾಲ್‌ಗೆ ಬಂದು, "ಕ್ಷಮಿಸಬೇಕು. ಗೃಹಿಣಿಯೊಂದಿಗೆ ಕಿಂಚಿತ್ ಸಮಾಲೋಚನೆಯಿತ್ತು," ಎಂದ.

"ಹಾಗೇ ಮಾತಾಡ್ತಾ ಹೋಗಿ ಸರ್, ತುಂಬಾ ಚೆನ್ನಾಗಿದೆ," ಎಂದಳು ಫಿಲಿಪಾ. ಬೇಜಾರಾಗಬಾರದೆಂದು ಹೇಳುತ್ತಿದ್ದಾಳೆ, ಪಾಪ, ಅಂದುಕೊಂಡಳು ಬೆರಿಲ್. ದನಿ ಸರಿಯಾಗಿ ಬಂದಿದೆಯೇ ಎಂದು ನೋಡಲು ಫಿಲಿಪಾ ರೆಕಾರ್ಡರ್ ಹಾಕಿ ಕೇಳಿಸಿದಳು. ಅದರೊಳಗಿಂದ ಯಾರೋ ರಾಯಭಾರಿ ಮಾತಾಡಿದ.

"ಇವರು ಯಾರು?" ಎಂದ ಟ್ರೆವರ್.

"ನೀವೇ ಸರ್."

ಟ್ರೆವರನ ಮುಖ ಸುಣ್ಣವಾಯಿತು. ಅದು ಅವನ ದನಿಯೇ ಅಲ್ಲ, ತೀರಿಕೊಂಡ ಅಮ್ಮನ ಫೋನ್ ದನಿ! ಗಾಬರಿಯಲ್ಲಿ ಬಾಯಿಬಿಟ್ಟರೆ, "ಅಯ್ಯೋ, ಎಂತಹ ಪ್ರಮಾದ ಸಂಭವಿಸಿತು," ಎಂದೇ ಬಂತು.

ಅಂಚೆ ಹಾಕುವ ಕಿಂಡಿಗೆ ಕಿವಿಯಿಟ್ಟು ಇಷ್ಟನ್ನೂ ಕೇಳುತ್ತಿದ್ದ ಎದುರು ಮನೆಯ ಎಡ್ನಾ ಸಾಲ್ಟ್ ತಡೆಯಲಾರದೆ ಒಳಗೇ ಬಂದಳು. ನೆಪಕ್ಕೆ ಕೈಯಲ್ಲಿ ಬಿಸಿ ಓಟ್ಸ್ ದೋಸೆಯ ತಟ್ಟೆ. ಅವಳ ಹಿಂದೆಯೇ, ಹಳೇ ಸ್ನೇಹಿತನಿಗೆ ಸಹಾಯ ಮಾಡಲೆಂದು ಸಿರಿಲ್.

"ಇವನಿಗೆ ಸಿಟ್ಟು ಬರಿಸ್ಬೇಕು ಕಣಮ್ಮಿ. ಸಿಟ್ಟು ಬಂದಾಗ ಹುಟ್ಟಿದ ಮಾತು ತಾನಾಗೇ ಬತ್ತದೆ," ಎಂದು ಎಡ್ನಾ ಬೆರಿಲಳ ಕಿವಿಯಲ್ಲಿ ಉಸುರಿ, ಗಟ್ಟಿಯಾಗಿ ಶುರುಮಾಡಿದಳು. "ಏನೇ ಅನ್ಲಾ ಟ್ರೆವರಾ, ನಿಮ್ಮ ಪೋರ್ಟ್ ವೇಲ್ ದಂಡ ಕಣ್ಲಾ. ಫುಟ್ಬಾಲ್ ಅಂದ್ರೆ ಸ್ಟೋಕ್ ಸಿಟಿದು!"

ಪೋರ್ಟ್ ವೇಲ್ ನಮ್ಮೂರ ತಂಡ, ಸ್ಟೋಕ್ ಸಿಟಿ ಅದರ ಬದ್ಧವೈರಿ; ಈ ಮಾತಿಗೆ ನಮ್ಮೂರಲ್ಲಿ ಮದುವೆಗಳು ಮುರಿದಿವೆ. ಟ್ರೆವರನ ಕತ್ತಿನ ನರ ಉಬ್ಬಿತು. ಫಿಲಿಪಾ ಮೈಕನ್ನು ಹತ್ತಿರ ತಂದಳು.

"ಆ ವಿಷಯದಲ್ಲಿ ನಮ್ಮ ಅಭಿಪ್ರಾಯ ತುಸು ಭಿನ್ನವಾಗಿದೆ, ಶ್ರೀಮತಿ ಸಾಲ್ಟ್ ಅವರೇ."

"ಇದು ಬಾಯಿ ಮಾತಿಗೆ ಬಗ್ಗೋ ಕಾಯಿಲೆ ಅಲ್ಲ," ಎಂದು ಸಿರಿಲ್ ಅಡುಗೆಮನೆಯಿಂದ ಕಬ್ಬಿಣದ ದೋಸೆಕಲ್ಲು ತಂದು, ಕೈ ಜಾರಿದವನಂತೆ ಟ್ರೆವರನ ಹೆಬ್ಬೆರಳ ಮೇಲೆ ಬಿಟ್ಟ. ಟ್ರೆವರ್ ಒಂಟಿ ಕಾಲಲ್ಲಿ ಕೋಣೆಯನ್ನು ಎರಡು ಸುತ್ತು ಹಾಕಿದ. ಕಣ್ಣಲ್ಲಿ ನೀರು ಧಾರಾಕಾರ.

"ಪರವಾಗಿಲ್ಲ, ಪರವಾಗಿಲ್ಲ," ಎಂದ ನರಳುತ್ತಾ. "ಇಂತಹ ಆಕಸ್ಮಿಕಗಳು ಸಹಜ."

ಕೊನೆಗೆ ಬೆರಿಲಳಿಗೆ ಹೊಳೆಯಿತು. ಮೈಕು ಕಣ್ಣಿಗೆ ಬೀಳದಿದ್ದರೆ? ಟೀ ಆರದಿರಲೆಂದು ಟೀಪಾಟಿಗೆ ಹಾಕಿದ್ದ ಉಣ್ಣೆಯ ಟೋಪಿಯನ್ನು ತೆಗೆದು ಅವಳು ಮೈಕಿಗೆ ತೊಡಿಸಿದಳು. ಟ್ರೆವರನ ಭುಜ ಸಡಿಲವಾಯಿತು, ಮುಖ ಮೆತ್ತಗಾಯಿತು. "ನಾನು ಚಿಕ್ಕೋನಿದ್ದಾಗ..." ಎಂದು ಸರಿಯಾದ ದಾರಿಯಲ್ಲೇ ಹೊರಟ. ಅಷ್ಟರಲ್ಲಿ ಎಡ್ನಾ, "ಎಲ್ರಿಗೂ ಟೀ ಬಗ್ಗಿಸ್ಲಾ?" ಎಂದು ಉಣ್ಣೆ ಟೋಪಿಯ ಮೈಕನ್ನೇ ಟೀಪಾಟೆಂದುಕೊಂಡು ಎತ್ತಿ ಸಿರಿಲನ ಕಪ್ಪಿಗೆ ಬಗ್ಗಿಸಿದಳು. ಟೋಪಿ ಬಿತ್ತು. ಮೊಲ ಇಣುಕಿತು.

"...ಬಾಲ್ಯವು ಅತ್ಯಂತ ರಮಣೀಯವಾಗಿತ್ತು," ಎಂದು ಮುಗಿಸಿದ ಟ್ರೆವರ್.

ಫಿಲಿಪಾ ಎದ್ದು ಮೈಕನ್ನು ಒರೆಸಿ ಚೀಲಕ್ಕೆ ಹಾಕಿದಳು. ಟ್ರೆವರ್ ತಲೆ ತಗ್ಗಿಸಿ ಕುಳಿತ. ಭಟ್ಟಿ ಆರಿದ ದಿನವೂ ಅವನು ಇಷ್ಟು ಕುಗ್ಗಿರಲಿಲ್ಲ.

"ನಮ್ಮಿಂದ ತಮಗೆ ನಿರಾಶೆಯಾಯಿತು," ಎಂದ.

"ನಿರಾಶೆಯಾ? ಏನ್ ಸರ್ ಹೀಗಂತೀರ! ನಾನು ಹುಡುಕ್ತಾ ಇದ್ದದ್ದೇ ಇದನ್ನ!" ಫಿಲಿಪಾಳ ಮುಖ ಅರಳಿತ್ತು. "ಒಂದು ಕಾಲದಲ್ಲಿ ಬೀದಿಗೆ ನಾಲ್ಕು ಮನೇಲಾದ್ರೂ ಈ ಫೋನ್ ಗಂಟಲು ಇತ್ತು. ಈಗ ಯಾರೂ ಫೋನಿಗೆ ಅಂತ ದನಿ ಬದಲಾಯಿಸಲ್ಲ, ಡಾಕ್ಟ್ರು, ರೇಡಿಯೋದವರು ಎಲ್ಲಾ ನಮ್ಮ ನಿಮ್ಮ ಹಾಗೇ ಮಾತಾಡ್ತಾರೆ. ಎಲ್ಲಾ ಕಡೆ ಅಲೆದಿದೀನಿ. ಇಷ್ಟು ಶುದ್ಧವಾಗಿ ಉಳಿಸ್ಕೊಂಡಿರೋರು ನೀವೊಬ್ಬರೇ. ಮೊನ್ನೆ ಫೋನಲ್ಲಿ 'ನಮಸ್ಕಾರ' ಅಂದಾಗಲೇ ಗೊತ್ತಾಯ್ತು. ಮ್ಯೂಸಿಯಂನಲ್ಲಿ ಎರಡನೇ ಗುಂಡಿ ನಿಮ್ಮದೇ."

"ಹಾಗಾದರೆ... ನಮ್ಮ ಊರಿನ ಆಡುಮಾತು?"

"ಅದು ಮೊದಲನೇ ಗುಂಡಿ. ಹೋದ ವಾರವೇ ಸಿಕ್ತು. ಸಿರಿಲ್ ಅವರು ಮಧ್ಯಾಹ್ನವೆಲ್ಲಾ ಕೂತು ಹೇಳಿದ್ರು, ಒಳ್ಳೇ ಜೇನು!"

ಎಲ್ಲರೂ ಸಿರಿಲನ ಕಡೆ ನೋಡಿದರು. ಸಿರಿಲ್ ಸೂರು ನೋಡಿದ.

ಟ್ರೆವರನೊಳಗೆ ಏನೋ ಕಿತ್ತುಕೊಂಡು ಬಂತು. "ಲೇ ಸಿರಿಲ್ಲಾ! ಬೈಬಲ್ ಮಾರಿ ಕರಡಿ ತಂದ ನನ್ ಮಗ್ನೇ! ಅರುವತ್ತು ವರ್ಸ ನಮ್ಮೂರ ನೀರು ಕುಡ್ದು ನಮ್ ನಾಲ್ಗೆನೇ ಕದ್ಯಲ್ಲೋ! ಅದೆಂಗ್ಲಾ ಬಂದೆ ನನ್ ಮನೆಗೆ, ನನ್ ಟೀ ಕುಡ್ಯಕ್ಕೆ, ನನ್ ಕಾಲ್ ಮುರ್ಯಕ್ಕೆ! ಎದ್ದು ಹೋಯ್ತಿಯೋ, ಇಲ್ಲಾ ಭಟ್ಟಿಗಾಕಿ ಬೇಯಿಸ್ಲೋ!"

ಎಡ್ನಾ ಚಪ್ಪಾಳೆ ತಟ್ಟಿದಳು. ಬೆರಿಲಳ ಕಣ್ಣು ಒದ್ದೆಯಾಯಿತು. ಅದೇ ಭಟ್ಟಿಯ ಮುಂದಿನ ಮಾತು, ಅದೇ ಬಿಸಿ.

"ಅಯ್ಯೋ ಸರ್, ಅದ್ಭುತ! ರೆಕಾರ್ಡರ್ ಒಳಗಿಟ್ಟುಬಿಟ್ಟಿದ್ದೆ!" ಫಿಲಿಪಾ ಚೀಲಕ್ಕೆ ಕೈ ಹಾಕಿ ಮೊಲದ ಮರಿಯನ್ನು ಎಳೆದಳು. "ಇನ್ನೊಂದೇ ಒಂದ್ಸಲ ಬೈದುಬಿಡಿ. ಇದನ್ನೇ ಮೊದಲನೇ ಗುಂಡಿಗೆ ಹಾಕ್ತೀನಿ."

ಟ್ರೆವರ್ ಎದೆಯುಬ್ಬಿಸಿ ಮುಂದೆ ಬಂದ. ಮೈಕು ನೋಡಿದ. ಗಂಟಲು ಸರಿಮಾಡಿಕೊಂಡ.

"ಸನ್ಮಾನ್ಯ ಸಿರಿಲ್ ಅವರೇ," ಎಂದ. "ತಮ್ಮ ವರ್ತನೆಯು ನಮಗೆ ಅಲ್ಪ ಬೇಸರವನ್ನು ಉಂಟುಮಾಡಿದೆ."

ಸಂಜೆ ಟ್ರೆವರ್ ಕಾಲನ್ನು ಬಿಸಿನೀರಲ್ಲಿಟ್ಟು ಕುಳಿತಿದ್ದ. ಫೋನಿನ ಮೇಲಿನ ಗೋಡೆಯಲ್ಲಿ ಅಮ್ಮ ಎಲ್ಸಿಯ ಫೋಟೋ ಇತ್ತು.

"ಹೋಗ್ಲಿ ಬಿಡು ಬಾತೂ," ಎಂದಳು ಬೆರಿಲ್. "ನಿಮ್ಮಮ್ಮನ ದನಿಯಾದ್ರೂ ಉಳೀತಲ್ಲ."

"ಊಂ ಕಣೆ. ಆದ್ರೆ ಇವತ್ತಿಂದ ಶಪಥ. ಇನ್ನು ಯಾರ್ ಮುಂದೂ ಆ ಗಂಟಲು ತೆಗ್ಯಕಿಲ್ಲ. ರಾಜ ಬಂದ್ರೂ ಬಾತು, ರಾಣಿ ಬಂದ್ರೂ ಬಾತು."

ಫೋನು ಬಡಿದುಕೊಂಡಿತು. ಟ್ರೆವರ್ ಕೈಚಾಚಿ ಎತ್ತಿದ.

"ನಮಸ್ಕಾರ. ಬ್ಲೋರ್ ನಿವಾಸ. ತಾವು ಯಾರೆಂದು ತಿಳಿಯಬಹುದೇ?"

ಸಿರಿಲನ ನಗು ಅವನಿಗೆ ಎರಡು ಸಲ ಕೇಳಿಸಿತು, ಒಂದು ಸಲ ಫೋನಿನಲ್ಲಿ, ಇನ್ನೊಂದು ಸಲ ಪಕ್ಕದ ಗೋಡೆಯಿಂದ.