ಜಾಗಟೆಯ ಏಟಿಗೊಂದು ಬೆಲ್ಲದ ಚೂರು

"ಒಂದೇ ಒಂದು ತಿಂಗಳು ಕೊಡಿ. ಈ ಮೂರನ್ನೂ ಹೇಗೆ ತಯಾರು ಮಾಡ್ತೀನಿ ನೋಡಿ. ಮರ್ಯಾದಸ್ಥರು ನಮ್ಮ ಬಾಗಿಲಿಗೆ ಬಂದು, ನಮಗೆ ಕೊಡಿ ತಾಯಿ ಅಂತ ಸಾಲಾಗಿ ನಿಲ್ಲಬೇಕು," ಎಂದು ಪ್ರೇಮಲೀಲಾ ಘೋಷಿಸಿದಳು. ಆ ಹೊತ್ತಿನಲ್ಲಿ ಮೂರು ನಾಯಿಮರಿಗಳೂ ಹಿತ್ತಲ ಕೋಣೆಯ ಇದ್ದಿಲು ಮೂಟೆಯ ಹಿಂದೆ ಸೇರಿ, ಒಂದರ ಹೊಟ್ಟೆಯಡಿಗೆ ಇನ್ನೊಂದು ಮುಖ ತೂರಿಸಿ, ತಮ್ಮ ಉಜ್ವಲ ಭವಿಷ್ಯವನ್ನು ನೆನೆದು ಗಡಗಡ ನಡುಗುತ್ತಿದ್ದವು.

ಕಚೇರಿಗೆ ಹೊರಟಿದ್ದ ಗಂಡ ಷಡಕ್ಷರಿ ಕೋಟಿನ ಗುಂಡಿ ಹಾಕುತ್ತಲೇ ಬಗ್ಗಿ ನೋಡಿದ.

"ಮರ್ಯಾದಸ್ಥರು ಬಂದ್ರೆ ಏನನ್ನ ತೋರಿಸ್ತೀಯ? ಬಾಲಾನಾ?"

"ಇವತ್ತು ಬಾಲ ಆದ್ರೂ ಕಾಣಿಸ್ತಿದೆ. ಮೊನ್ನೆ ಅದೂ ಕಾಣಿಸ್ತಿರಲಿಲ್ಲ. ಇದಕ್ಕೆ ಪ್ರಗತಿ ಅಂತಾರೆ."

ದಸರೆಗೆ ಇನ್ನು ಐದು ವಾರವಿತ್ತು. ಬನ್ನಿಮಂಟಪಕ್ಕೆ ಹೋಗುವ ದಾರಿಗಳೆಲ್ಲ ಚೊಕ್ಕಟವಾಗಬೇಕೆಂದು ನಾಯಿ ಹಿಡಿಯುವ ಬಂಡಿ ಬೀದಿ ಬೀದಿ ಸುತ್ತಿ, ಇವುಗಳ ತಾಯಿಯನ್ನು ಹೊತ್ತುಕೊಂಡು ಹೋಗಿತ್ತು. ಚರಂಡಿಯ ಮೋರಿಯೊಳಗೆ ಅವಿತಿದ್ದ ಮರಿಗಳು ಉಳಿದುಕೊಂಡವು. ಮೂರೂವರೆ ವರ್ಷದ ಮಗಳು ಉಮಾ ಚರಂಡಿಯ ಹತ್ತಿರ ಸುಳಿಯದಂತೆ ಕಾಯುವುದೇ ಪ್ರೇಮಲೀಲಾಳ ಮುಖ್ಯ ಉದ್ಯೋಗವಾಗಿದ್ದರಿಂದ, ಮೊದಲು ಅವಳ ಕಣ್ಣಿಗೇ ಅವು ಬಿದ್ದವು.

ಭಯದ ವಿಷಯದಲ್ಲಿ ಪ್ರೇಮಲೀಲಾಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕುದಿಸಿದ ನೀರನ್ನು ಇನ್ನೊಂದು ಸಲ ಕುದಿಸದೆ ಮಗುವಿಗೆ ಕೊಡುತ್ತಿರಲಿಲ್ಲ. ಜಟಕಾ ಕುದುರೆ ಕೆನೆದರೆ ಮಗುವಿನ ಕಿವಿ ಮುಚ್ಚುತ್ತಿದ್ದಳು. ಆಚೆ ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಈಚೆ ಬೀದಿಯಲ್ಲಿ ಉಮಾಳ ಕಂಕುಳಿಗೆ ಥರ್ಮಾಮೀಟರು ಬೀಳುತ್ತಿತ್ತು. ಆದರೆ ಕಾಲೇಜಿನಲ್ಲಿ ಎರಡು ವರ್ಷ ಮನಶ್ಶಾಸ್ತ್ರ ಓದಿದವಳು. ಭಯವೆಂಬುದು ಕೇವಲ ಅಭ್ಯಾಸ, ಅದನ್ನು ವೈಜ್ಞಾನಿಕವಾಗಿ ಬಿಡಿಸಬಹುದು ಎಂದು ನೋಟ್ಸಿನಲ್ಲಿ ಕೆಂಪು ಗೆರೆ ಎಳೆದು ಬರೆದುಕೊಂಡಿದ್ದಳು. ಆ ಗೆರೆಯನ್ನು ಪ್ರಯೋಗಿಸಲು ಅವಳಿಗೆ ಇದುವರೆಗೆ ಬೇರೆಯವರ ಭಯ ಸಿಕ್ಕಿರಲಿಲ್ಲ.

ಮರಿಗಳಿಗೆ ನಾಮಕರಣವೂ ಆಯಿತು. ದೊಡ್ಡದು ಶೂರ, ನಡುವಿನದು ಧೀರ. ಮೂರನೆಯದಕ್ಕೆ ವೀರಭದ್ರ ಎಂದಿಡುವಷ್ಟರಲ್ಲಿ ಅತ್ತೆ ಶಾಂತಾದೇವಿಯವರು ವಿಭೂತಿ ಗಟ್ಟಿ ಕೆಳಗಿಟ್ಟು ಎದ್ದುಬಂದರು.

"ನಮ್ಮ ಮನೆದೇವರ ಹೆಸರು ನಾಯಿಗೆ ಇಟ್ಟೀಯೋ, ನಾನು ಈ ಮನೇಲಿ ಊಟ ಮಾಡಲ್ಲ."

ಹೀಗಾಗಿ ಮೂರನೆಯದು 'ಮೂರನೇದು' ಎಂದೇ ಉಳಿಯಿತು.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. "ನೋಡು ಪ್ರೇಮಾ, ಆಯುಧಪೂಜೆಗೆ ಮನೆ ಪೂರ್ತಿ ತೊಳೀಬೇಕು. ಅಷ್ಟರೊಳಗೆ ಇವಕ್ಕೆ ದಾರಿ ತೋರಿಸ್ಬೇಕು. ಇಲ್ದಿದ್ರೆ ಹಾಲಿನ ಚಾಮಯ್ಯನ ಕೈಲಿ ಗೋಣಿಚೀಲ ಕೊಟ್ಟು ಮಂಡಕಳ್ಳಿ ಬಯಲಿಗೆ ಬಿಡಿಸ್ತೀನಿ."

ಮಂಡಕಳ್ಳಿ ಬಯಲಿನಲ್ಲಿ ನರಿಗಳಿವೆಯೇ ಎಂದು ಪ್ರೇಮಲೀಲಾ ಆ ದಿನವೇ ಚಾಮಯ್ಯನನ್ನು ವಿಚಾರಿಸಿದಳು. ಅವನು ಹಾಲು ಅಳೆಯುತ್ತಾ, "ಅವೆ ಕಣವ್ವಾ, ಬೇಜಾನ್ ಅವೆ," ಎಂದ, ಅದೇನೋ ಊರಿಗೆ ಹೆಮ್ಮೆಯ ಸಂಗತಿ ಎಂಬಂತೆ. ಅವಳಿಗೆ ಆ ದಿನ ಊಟ ಸೇರಲಿಲ್ಲ.

ದಾರಿಯೊಂದು ಇಲವಾಲದ ಕಡೆಯಿಂದ ತೆರೆಯಿತು. ಅತ್ತೆಯ ಅಣ್ಣ ಸಿದ್ದಮಲ್ಲಪ್ಪನವರಿಗೆ ಅಲ್ಲಿ ಸೀಬೆ ತೋಟವಿತ್ತು. ತೋಟಕ್ಕೆ ಕೋತಿಗಳ ಕಾಟ. ಕೋತಿಗಳಿಗೆ ಕೋವಿ, ಕೋವಿಯ ಜೊತೆಗೆ ಒಂದು ನಾಯಿ ಎಂಬುದು ಅವರ ಏರ್ಪಾಡು. ಮೊದಲ ಗುಂಡು ಹಾರಿದ ಕೂಡಲೇ ಕೋತಿಗಿಂತ ಮುಂಚೆ ನಾಯಿಯೇ ಊರು ಬಿಡುತ್ತಿತ್ತು. ಹೀಗೆ ಎರಡು ನಾಯಿ ಹೋಗಿದ್ದವು.

"ಸದ್ದಿಗೆ ಹೆದರಬಾರ್ದು ಅಷ್ಟೇ ಕಣವ್ವಾ," ಎಂದಿದ್ದರು ಅವರು, ಕಳೆದ ಸಲ ಬಂದಾಗ. "ಹೆದರೋದಿಲ್ಲ ಅಂದ್ರೆ ಮೂರನ್ನೂ ಕರ್ಕೊಂಡೋಯ್ತೀನಿ. ಮುಂದಿನ ಸೋಮವಾರ ಬತ್ತೀನಿ. ನಾನೇ ಪರೀಕ್ಷೆ ಮಾಡಿ ನೋಡ್ತೀನಿ."

ಪರೀಕ್ಷೆ ಎಂಬ ಮಾತು ಕೇಳಿ ಪ್ರೇಮಲೀಲಾಳೊಳಗಿನ ವಿದ್ಯಾರ್ಥಿನಿ ಎಚ್ಚೆತ್ತಳು. ಅರಮನೆಯವರು ಆನೆಗಳಿಗೆ ತೋಪಿನ ಸದ್ದು ಅಭ್ಯಾಸ ಮಾಡಿಸಬಲ್ಲರಾದರೆ, ಅಂಗೈಯಗಲದ ನಾಯಿಮರಿಗೆ ತಾನೇಕೆ ಮಾಡಿಸಲಾರೆ? ಮೊದಲು ಚಮಚೆಯಿಂದ ಲೋಟ ತಟ್ಟಿದಳು. ಮರಿಗಳು ಓಡಿದವು. ಮೂಟೆಯ ಹಿಂದೆಯೇ ಒಂದೊಂದು ಚೂರು ಬೆಲ್ಲ ಇಟ್ಟಳು. ಮತ್ತೆ ತಟ್ಟಿದಳು, ಮತ್ತೆ ಬೆಲ್ಲ. ಮೂರನೆಯ ದಿನ ಶೂರನ ಮೂಗು ಹೊರಗೆ ಬಂತು, ನಾಲ್ಕನೆಯ ದಿನ ಧೀರನದು. ಲೋಟದಿಂದ ತಟ್ಟೆಗೆ, ತಟ್ಟೆಯಿಂದ ತಾಮ್ರದ ಹಂಡೆಗೆ ಬಡ್ತಿಯಾಯಿತು. ಉಮಾ ಕೂಡ ಶ್ರದ್ಧೆಯಿಂದ ಪಾಠಕ್ಕೆ ಹಾಜರಾಗಿ, ಮರಿಗಳ ಪಕ್ಕದಲ್ಲಿ ಮಂಡಿಯೂರಿ ಕೂತು, ತನ್ನ ಪಾಲಿನ ಬೆಲ್ಲವನ್ನು ವಸೂಲು ಮಾಡುತ್ತಿದ್ದಳು.

"ಮಗುಗೆ ಹಲ್ಲು ಹುಳುಕಾಗಲ್ವಾ?" ಎಂದ ಷಡಕ್ಷರಿ.

ಅಂದು ರಾತ್ರಿ ಉಮಾಳ ಹಲ್ಲುಗಳನ್ನು ಬ್ಯಾಟರಿ ಬೆಳಕಿನಲ್ಲಿ ಎರಡು ಸಲ ಎಣಿಸಲಾಯಿತು.

ಸೋಮವಾರ ಬಂತು. ಹಂಡೆಗೆ ಮರಿಗಳು ಒಗ್ಗಿದ್ದವು, ಆದರೆ ಹಂಡೆಯ ಸದ್ದು ಎಲ್ಲಿ, ಕೋವಿಯ ಸದ್ದು ಎಲ್ಲಿ? ಸಿದ್ದಮಲ್ಲಪ್ಪನವರು ಬರುವುದಕ್ಕೆ ಮುಂಚೆ ಕೊನೆಯ ಪಾಠವೊಂದು ಆಗಲೇಬೇಕಿತ್ತು. ಆಗ ನಡುಮನೆಯ ಗೋಡೆಯ ಮೇಲಿನ ಜಾಗಟೆ ಅವಳ ಕಣ್ಣಿಗೆ ಬಿತ್ತು. ತೀರಿಕೊಂಡ ಮಾವನವರು ಮಠದ ಭಜನೆಗೆ ಒಯ್ಯುತ್ತಿದ್ದ ಕಂಚಿನ ಜಾಗಟೆ. ಒಂದು ಏಟು ಬಿದ್ದರೆ ಅರ್ಧ ಫರ್ಲಾಂಗು ಕೇಳುತ್ತದೆ. ಅತ್ತೆಗೆ ಮೂರು ದಿನದಿಂದ ಜೋರು ನೆಗಡಿ. ಕಿವಿಗೆ ಹತ್ತಿ ತುರುಕಿ, ತಲೆಗೆ ಶಾಲು ಸುತ್ತಿ, ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದರು. ಕೇಳುವವರು ಯಾರೂ ಇರಲಿಲ್ಲ.

ಪ್ರೇಮಲೀಲಾ ಜಾಗಟೆಯನ್ನು ಹಿತ್ತಲಿಗೆ ಒಯ್ದು ಬಟ್ಟೆ ಒಣಗಿಸುವ ಗಳುವಿಗೆ ತೂಗುಹಾಕಿದಳು. ಭಯಸ್ಥ ಪ್ರಾಣಿಗಳಿಗೆ ಗಲಾಟೆ ಮಾಡಬಾರದು. ಒಂದು ಏಟು, ಹತ್ತು ಎಣಿಸುವಷ್ಟು ಮೌನ, ಬೆಲ್ಲ, ಮತ್ತೆ ಒಂದು ಏಟು. ಇದು ವಿಜ್ಞಾನ.

ವಿಜ್ಞಾನಕ್ಕೆ ತಿಳಿಯದ ಒಂದು ಸಂಗತಿಯಿತ್ತು. ನಮ್ಮೂರಿನ ಯಾವ ಬೀದಿಯಲ್ಲೇ ಆಗಲಿ, ಪೂಜೆಯ ಹೊತ್ತಲ್ಲದ ಹೊತ್ತಿನಲ್ಲಿ ಜಾಗಟೆ ಹೀಗೆ ಒಂದೊಂದೇ ಏಟಾಗಿ, ಬಿಟ್ಟು ಬಿಟ್ಟು ಕೇಳಿದರೆ, ಆ ಮನೆಯಲ್ಲಿ ಯಾರೋ ಹೋದರು ಎಂದೇ ಲೆಕ್ಕ. ಕಾಲೇಜಿನಲ್ಲಿ ಓದದ ಹೆಂಗಸರಿಗೆಲ್ಲ ಇದು ಗೊತ್ತು.

ನಾಲ್ಕನೆಯ ಏಟಿಗೆ ಪಕ್ಕದ ಮನೆಯ ಚಾಮುಂಡಮ್ಮ ಗೋಡೆಯ ಮೇಲಿಂದ ತಲೆ ಎತ್ತಿದರು.

"ಏನವ್ವಾ ಪ್ರೇಮವ್ವ?"

ಪ್ರೇಮಲೀಲಾ ಹತ್ತರ ಎಣಿಕೆಯಲ್ಲಿ ಆರರಿಂದ ಏಳಕ್ಕೆ ಹೋಗುತ್ತಿದ್ದಳು. ಲೆಕ್ಕ ತಪ್ಪಿದರೆ ಮರಿಗಳ ಅಭ್ಯಾಸ ಕೆಡುತ್ತದೆ. ತುಟಿ ಅಲ್ಲಾಡಿಸುತ್ತಲೇ, ತಡೆಯಿರಿ ಎಂಬಂತೆ ಕೈ ಎತ್ತಿ, ಬಹಳ ಗಂಭೀರವಾಗಿ ತಲೆ ಆಡಿಸಿದಳು. ಸೊಸೆ ಮಂತ್ರ ಹೇಳಿಕೊಳ್ಳುತ್ತಿದ್ದಾಳೆಂದು ಚಾಮುಂಡಮ್ಮನಿಗೆ ಅರ್ಥವಾಯಿತು. ಮೂರು ದಿನದಿಂದ ಜಗುಲಿಗೆ ಬಾರದ ಶಾಂತಾದೇವಿ ನೆನಪಾದರು. "ಶಿವನೇ," ಎಂದು ಒಳಗೆ ಹೋಗಿ, ಕುದಿಯುತ್ತಿದ್ದ ಬಸ್ಸಾರನ್ನು ಇಳಿಸಿ, ಒಲೆಗೆ ನೀರು ಹಾಕಿದರು. ಅಕ್ಕಪಕ್ಕದಲ್ಲಿ ಸಾವಾದರೆ ಒಲೆ ಉರಿಯಬಾರದು. ಐದು ನಿಮಿಷದಲ್ಲಿ ಬೀದಿಯ ಏಳು ಒಲೆ ಆರಿದವು, ಏಳು ಮನೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದು ಜಗುಲಿಯ ಮೇಲೆ ಕುಳಿತರು.

ಇಲವಾಲದ ಬಸ್ಸು ಇಳಿದ ಸಿದ್ದಮಲ್ಲಪ್ಪನವರಿಗೆ ಬೀದಿಯ ತಿರುವಿನಲ್ಲೇ ಯಾರೋ ಸುದ್ದಿ ಮುಟ್ಟಿಸಿದರು. ಹಿಂದಿರುಗಿ ಹೋಗಿ ಒಂದು ಸೇವಂತಿಗೆ ಹಾರ ಕೊಂಡು, ರುಮಾಲು ಕೈಯಲ್ಲಿ ಹಿಡಿದು, ನಡುಮನೆಗೆ ಬಂದವರೇ ಮುಚ್ಚಿದ ಕೋಣೆಯ ಮುಂದೆ ಕುಸಿದರು.

"ಅಯ್ಯೋ ತಂಗೀ, ನನಗಿಂತ ಚಿಕ್ಕೋಳು ನೀನು, ಮುಂದಾಗಿ ಹೊಂಟೋದ್ಯಲ್ಲೇ," ಎಂದು ಬಾಯಿ ಬಡಿದುಕೊಂಡರು. ಮೂವತ್ತು ವರ್ಷ ಕೋತಿಗಳನ್ನು ಕೂಗಿ ಓಡಿಸಿದ ಗಂಟಲು ಅದು. "ಅವ್ವ ನಿನಗೆ ಅಂತ ಕೊಟ್ಟಿದ್ದ ಕೊಪ್ಪರಿಗೆ ನಾನೇ ಮಡಗಿಕೊಂಡಿದ್ದೆ ಕಣೇ. ಕಳ್ಳರು ಕದ್ದೋದ್ರು ಅಂತ ಸುಳ್ಳೇಳ್ಬುಟ್ಟೆ. ಅಟ್ಟದ ಮೇಲೆ ಅದೆ. ನನ್ನ ಕ್ಷಮಿಸ್ಬುಡು ತಂಗೀ."

ಆ ಕೂಗಿಗೆ ಜಗುಲಿಯ ಏಳು ಜನರೂ ದನಿಗೂಡಿಸಿದರು. ಹಿತ್ತಲಲ್ಲಿದ್ದ ಮೂರು ಮರಿಗಳು ಕಿವಿ ನಿಮಿರಿಸಿದವು. ಇಷ್ಟು ದೊಡ್ಡ ಸದ್ದನ್ನು ಅವು ತಮ್ಮ ಜೀವಮಾನದಲ್ಲಿ ಕೇಳಿರಲಿಲ್ಲ. ಅಂದರೆ ಅದಕ್ಕೆ ಸಿಗಬೇಕಾದಷ್ಟು ದೊಡ್ಡ ಬೆಲ್ಲವನ್ನೂ ಕಂಡಿರಲಿಲ್ಲ. ಹಿಂದೆಮುಂದೆ ನೋಡದೆ ಒಳಗೆ ನುಗ್ಗಿ, ಸಿದ್ದಮಲ್ಲಪ್ಪನವರ ಎದುರು ಸಾಲಾಗಿ ಕುಳಿತು, ಅವರ ತೆರೆದ ಬಾಯನ್ನೇ ದಿಟ್ಟಿಸುತ್ತಾ ಬಾಲ ಆಡಿಸತೊಡಗಿದವು. ಸಾಲಿನ ಕೊನೆಯಲ್ಲಿ ಉಮಾ ಕೈ ಚಾಚಿ ಕುಳಿತಳು.

ಕಿವಿಯ ಹತ್ತಿಯನ್ನೂ ಭೇದಿಸಿದ ಆ ರೋದನಕ್ಕೆ ಕೋಣೆಯ ಬಾಗಿಲು ತೆರೆಯಿತು. ಶಾಲು ಸುತ್ತಿದ ಶಾಂತಾದೇವಿಯವರು ಹೊಸ್ತಿಲ ಮೇಲೆ ನಿಂತಿದ್ದರು. ಒಂದು ಕಿವಿಯ ಹತ್ತಿ ಕೈಯಲ್ಲಿತ್ತು.

ಹಾರ ಹಿಡಿದ ಅಣ್ಣನ ಬಾಯಿ ತೆರೆದೇ ಇತ್ತು.

"ಯಾರು ಹೋದ್ರು ಅನ್ನೋದನ್ನ ಆಮೇಲೆ ಹೇಳುವೆಯಂತೆ," ಎಂದರು ಶಾಂತಾದೇವಿ. "ಆ ಕೊಪ್ಪರಿಗೆ ವಿಷಯ ಇನ್ನೊಂದು ಸಲ ಹೇಳಣ್ಣ."

ಅಷ್ಟರಲ್ಲಿ ಪಾಠ ಅರ್ಧಕ್ಕೆ ನಿಂತಿತೆಂದು ಕೋಪಗೊಂಡ ಪ್ರೇಮಲೀಲಾ ಒಂದು ಕೈಯಲ್ಲಿ ಜಾಗಟೆ, ಇನ್ನೊಂದು ಕೈಯಲ್ಲಿ ಕೊಡತಿ ಹಿಡಿದು ಒಳಗೆ ಬಂದಳು. ಎಲ್ಲರೂ ಜಾಗಟೆಯನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಅವಳು ಹಾರವನ್ನು ನೋಡಿದಳು.

"ನನ್ನ ಬಸ್ಸಾರು," ಎಂದರು ಚಾಮುಂಡಮ್ಮ, ಬಹಳ ಮೆಲ್ಲಗೆ.

"ಅತ್ತೆ, ಅದು ವೈಜ್ಞಾನಿಕವಾಗಿ..." ಎಂದು ಪ್ರೇಮಲೀಲಾ ಶುರುಮಾಡಿದಳು.

"ಬಾಯಿ ಮುಚ್ಚು. ನಾನು ಜೀವಂತ ಇರುವಾಗಲೇ ಬೀದಿಗೆಲ್ಲ ಸಾರಿಬಿಟ್ಟೆ. ಆಯುಧಪೂಜೆಯವರೆಗೂ ಕಾಯಲ್ಲ. ಚಾಮಯ್ಯನ್ನ ಇವತ್ತೇ ಕರೀರಿ, ಗೋಣಿಚೀಲ ತರಲಿ."

ಪ್ರೇಮಲೀಲಾಳ ಕೈಯಿಂದ ಕೊಡತಿ ಜಾರಿತು. ಮೂರನೆಯದನ್ನು ಎತ್ತಿ ಎದೆಗವಚಿಕೊಂಡಳು. ಮಂಡಕಳ್ಳಿಯ ನರಿಗಳೆಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು.

ಮಾತು ಬದಲಿಸಲು ದಾರಿ ಹುಡುಕುತ್ತಿದ್ದ ಸಿದ್ದಮಲ್ಲಪ್ಪ ಆಗ ಎದುರಿಗಿದ್ದ ಎರಡು ಮರಿಗಳನ್ನು ನೋಡಿದರು. "ನಾನು ಅಷ್ಟು ಬಾಯಿ ಬಡ್ಕೊಂಡ್ರೂ ಇವು ಅಲ್ಲಾಡಲೇ ಇಲ್ವಲ್ಲ," ಎಂದರು. ಪಕ್ಕದಲ್ಲಿ ಬಿದ್ದಿದ್ದ ತಮ್ಮ ಕೊಡೆಯನ್ನು ಎತ್ತಿ ನೆಲಕ್ಕೆ ಪಟಾರನೆ ಬಡಿದರು. ಜಗುಲಿಯ ಹೆಂಗಸರು ಬೆಚ್ಚಿದರು. ಶೂರ ಒಂದು ಗೇಣು ಮುಂದೆ ಬಂದ. ಮತ್ತೆ ಬಡಿದರು. ಧೀರ ಅವರ ತೊಡೆಯೇರಿದ.

"ತಂಗೀ, ಈ ಮೂರನ್ನೂ ನನಗೆ ಕೊಟ್ಬುಡು."

ಶಾಂತಾದೇವಿಯವರು ಇನ್ನೊಂದು ಕಿವಿಯ ಹತ್ತಿಯನ್ನೂ ನಿಧಾನವಾಗಿ ತೆಗೆದರು.

"ಕೊಪ್ಪರಿಗೆ ಬರಲಿ. ನಾಯಿ ಕಳಿಸ್ತೀನಿ."

ಮಾರನೆಯ ದಿನ ಇಲವಾಲದಿಂದ ಎತ್ತಿನ ಗಾಡಿಯಲ್ಲಿ, ನಲವತ್ತು ವರ್ಷದ ಮಸಿ ಹಿಡಿದ ಕೊಪ್ಪರಿಗೆ ಬಂತು. ಅದೇ ಗಾಡಿಯಲ್ಲಿ ಹೊಸ ಗೋಣಿಯ ಹಾಸಿಗೆಯ ಮೇಲೆ ಮರಿಗಳು ಹೊರಟವು. ಪ್ರೇಮಲೀಲಾ ಎರಡು ಪುಟದ ಸೂಚನೆಗಳನ್ನು ಬರೆದು ಸಿದ್ದಮಲ್ಲಪ್ಪನವರ ಕೈಗಿತ್ತಳು. ಅವರು ಕನ್ನಡಕ ಏರಿಸಿ ಓದಿದರು.

"ಪ್ರತಿ ಗುಂಡಿನೇಟಿಗೂ ಒಂದೊಂದು ಚೂರು ಬೆಲ್ಲ ಅಂತ ಬರ್ದಿದ್ದೀಯ. ನಾಯಿಗಷ್ಟೇ ತಾನೆ? ಇಲ್ಲ ಕೋತಿಗೂ ಕೊಡಬೇಕಾ?"

ಗಾಡಿ ತಿರುವು ದಾಟುವವರೆಗೂ ಮೂರನೆಯದರ ಮುಖ ಹಿಂದಕ್ಕೇ ಇತ್ತು. ನಡುಗುತ್ತಿರಲಿಲ್ಲ. ಅದು ತನ್ನ ಸಾಧನೆಯೆಂದು ಪ್ರೇಮಲೀಲಾ ಗಂಡನಿಗೆ ಹೇಳಹೊರಟಳು. ಆದರೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಷಡಕ್ಷರಿ ತನ್ನ ಕರವಸ್ತ್ರ ತೆಗೆದುಕೊಟ್ಟ.

ಆಯುಧಪೂಜೆಯ ಹಿಂದಿನ ದಿನ ಅತ್ತೆ ನಡುಮನೆಯಲ್ಲಿ ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಪಾತ್ರೆ ಬೆಳಗಲು ಕುಳಿತಿದ್ದರು. ಗೋಡೆಯಿಂದ ಇಳಿಸುವಾಗ ಜಾಗಟೆ ಕೊಪ್ಪರಿಗೆಯ ಅಂಚಿಗೆ ತಗಲಿ ಢಣ್ ಎಂದಿತು.

ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ ಪ್ರೇಮಲೀಲಾ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಡುಮನೆಯ ಮಧ್ಯದಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಚೂರು ಬೆಲ್ಲವಿತ್ತು. ಯಾವಾಗ ತೆಗೆದುಕೊಂಡಳೋ, ಏಕೆ ಬಂದಳೋ ಅವಳಿಗೇ ತಿಳಿಯಲಿಲ್ಲ.

ಶಾಂತಾದೇವಿಯವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಕೈಯಿಂದ ಬೆಲ್ಲವನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಜಾಗಟೆಯನ್ನು ಗೋಡೆಯ ಮೇಲಲ್ಲ, ತಾವು ಕೂರುವ ಮಣೆಯ ಪಕ್ಕದಲ್ಲೇ ಒರಗಿಸಿಟ್ಟುಕೊಂಡರು.

"ಐದು ವರ್ಷದಿಂದ ಪ್ರೇಮಾ, ಪ್ರೇಮಾ ಅಂತ ಕೂಗಿ ಕೂಗಿ ಗಂಟಲು ಹರ್ಕೊಂಡೆ, ಒಂದು ಕೂಗಿಗೆ ಬಂದವಳಲ್ಲ ನೀನು," ಎಂದರು. "ಇಷ್ಟು ಸುಲಭ ಅಂತ ಗೊತ್ತಿದ್ದಿದ್ರೆ ಮದುವೆ ಮನೇಲೇ ಶುರು ಮಾಡ್ತಿದ್ದೆ ಕಣಮ್ಮ."