ಇಜೇರಿಗೆ ಬಂದಾಗ ಕೆಡುವ ಗಾಡಿ

ನಮ್ಮ ಕಾಕಾ ಗಾಡಿ ಕೆಟ್ಟರೆ ಮಾತ್ರ ಖುಷಿಯಾಗಿರುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಆದರೆ ಇಂಜಿನ್ನಿನಿಂದ ಆಯಿಲ್ ಸೋರುವುದನ್ನು ನೋಡಿ ಹಲ್ಲು ಕಿರಿಯುವ ಮನುಷ್ಯನನ್ನು ಕಣ್ಣಾರೆ ಕಂಡ ಮೇಲೆ ನಂಬದೆ ಏನು ಮಾಡಲಿ?

ಗಾಡಿ ಎಂದರೆ ಡರ್ಟ್ ಬೈಕು. ಟೀವಿಯಲ್ಲಿ ಹುಡುಗರು ಗುಡ್ಡದ ಮೇಲಿಂದ ಹಾರಿಸುತ್ತಾರಲ್ಲ, ಅಂಥದ್ದು. ಸರಸಂಬಾದಲ್ಲಿ ತೊಗರಿ ಬೆಳೆಯುವ, ಧೋತರ ಉಡುವ, ಐದಡಿ ದಾಟದ ಕಾಕಾನಿಗೆ ಅದು ಯಾಕೆ ಬೇಕಿತ್ತು? ಮಗಳು ಆಗ ಕಡಗಂಚಿಯಲ್ಲಿ ಎಂ.ಎ. ಓದುತ್ತಿದ್ದಳು, ಅವಳನ್ನು ಬಿಟ್ಟುಬರಬೇಕು, ಕರೆತರಬೇಕು. ಮಳೆಗಾಲದ ಎರೆಮಣ್ಣಿನಲ್ಲಿ ಹೂತುಕೊಳ್ಳದ ಗಾಡಿ ಇದೊಂದೇ ಎಂದು ಇವರಿಗೆ ಯಾರೋ ತಲೆತುಂಬಿದರು. ಆಳಂದದಲ್ಲಿ ಹಳೆಯದೊಂದು ಸಿಕ್ಕಿತು. ಸೀಟು ಇವರ ಎದೆಮಟ್ಟಕ್ಕೆ! ಹತ್ತಲು ಕಟ್ಟೆ ಬೇಕು, ಇಳಿಯಲೂ ಕಟ್ಟೆ ಬೇಕು. ಕಟ್ಟೆ ಇಲ್ಲದ ಕಡೆ ಕಾಕಾ ನಿಲ್ಲುವುದೇ ಇಲ್ಲ. ಮಾತಾಡಬೇಕಾದವರು ಗಾಡಿಯ ಜೊತೆ ಓಡಬೇಕು.

ಕಾಕಾನ ಹೆಂಡತಿ, ನಮ್ಮ ಕಾಕು, ತೀರಿಕೊಂಡಾಗ ಆ ಮಗಳು ಇನ್ನೂ ಸಣ್ಣವಳು. ಕಾಕಾನಿಗೆ ಜಡೆ ಹೆಣೆಯಲು ಬರುತ್ತಿರಲಿಲ್ಲ, ಎತ್ತಿನ ಹಗ್ಗ ಹೆಣೆಯಲು ಬರುತ್ತಿತ್ತು. ಆ ವಿದ್ಯೆಯನ್ನೇ ಮಗಳ ತಲೆಯ ಮೇಲೆ ಪ್ರಯೋಗಿಸಿದರು. ಜಡೆ ಎಷ್ಟು ಬಿಗಿ ಎಂದರೆ ಸಂಜೆಯ ತನಕ ಹುಡುಗಿಯ ಹುಬ್ಬು ಇಳಿಯುತ್ತಿರಲಿಲ್ಲ. "ಯಾಕವ್ವಾ, ಎರಡರ ಮಗ್ಗಿ ಕೇಳಿ ಇಷ್ಟ್ಯಾಕ ಬೆರಗಾಗೀದಿ?" ಎಂದು ಮಾಸ್ತರರು ಕೇಳಿದ್ದರಂತೆ.

ಅಂಥ ಮಗಳನ್ನು ಜೇವರ್ಗಿ ಕಡೆಯ ಇಜೇರಿಗೆ ಕೊಟ್ಟರು. ಮನೆ ಒಳ್ಳೆಯದು, ಹುಡುಗ ಒಳ್ಳೆಯವನು. ತೊಂದರೆ ಇದ್ದದ್ದು ನಮ್ಮ ಮನೆತನದ ರಿವಾಜಿನಲ್ಲಿ. ಮಗಳಿಗೆ ಒಂದು ಕೂಸಾಗುವ ತನಕ ತಂದೆ ಬೀಗರ ಹೊಸ್ತಿಲು ತುಳಿಯಬಾರದು, ಅಲ್ಲಿಯ ನೀರು ಮುಟ್ಟಬಾರದು. ಉಳಿದವರೆಲ್ಲ ಇದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಕಾಕಾ ಬಿಡಲೊಲ್ಲರು. ಪಂಚಮಿಗೆ ಮಗಳು ಬರುತ್ತಾಳೆ, ನಿಜ. ಆದರೆ ಪಂಚಮಿ ವರ್ಷಕ್ಕೆ ಒಂದೇ ಸಲ ಬರುತ್ತದಲ್ಲ!

ಒಂದು ದಿನ "ಇಜೇರಿ ಕಡೆ ತೊಗರಿ ಹ್ಯಾಂಗದ, ನೋಡ್ಕೊಂಡು ಬರೋಣ ನಡೀಲೇ" ಎಂದು ನನ್ನನ್ನು ಹಿಂದೆ ಕೂಡಿಸಿಕೊಂಡು ಹೊರಟರು. ಮನೆ ಸುತ್ತ ತೊಗರಿ ಇರುವ ಮನುಷ್ಯ ಅಷ್ಟು ದೂರ ತೊಗರಿ ನೋಡಲು ಹೋಗುವುದೆಂದರೇನು? ಬೀಗರ ಮನೆ ಬಂದದ್ದೇ ಕಾಕಾ ಕುತ್ತಿಗೆ ಆ ಕಡೆ ಹೊರಳಿಸಿದರು, ಗಾಡಿ ಬಲಕ್ಕೆ ಬಿತ್ತು. ಬ್ರೇಕಿನ ಪೆಡಲು ಒಳಗೆ ಮಡಚಿ ಇಂಜಿನ್ನಿನ ಕವರಿಗೆ ಬಡಿಯಿತು. ಕವರು ಸೀಳಿ ಆಯಿಲ್ ಹರಿಯಿತು. ಮಗಳು ತಂಬಿಗೆ ಹಿಡಿದು ಓಡಿ ಬಂದಳು. ರಿವಾಜಿನ ಗತಿ ಏನು ಎಂದು ನಾನು ನೋಡುತ್ತಿದ್ದರೆ ಕಾಕಾ ಗಟಗಟ ನೀರು ಕುಡಿದು, "ನಾ ಬೀಗ ಆಗಿ ಬಂದಿಲ್ಲಲೇ, ಗಾಡಿ ಕೆಟ್ಟಾಂವ ಬಂದೇನಿ. ದಾರಿಹೋಕರು ಯಾರ ಮನೀ ನೀರಾದ್ರೂ ಕುಡೀಬಹುದು" ಎಂದರು.

ಅಂದಿನಿಂದ ಆ ಸೀಳು ಕಾಕಾನ ಆಸ್ತಿಯಾಯಿತು. ಹೊಸ ಕವರು ಹಾಕಿಸುವ ಮಾತೇ ಇಲ್ಲ. ಅಂಟು ಮೆತ್ತುವುದು, ಹೊರಡುವುದು, ಇಜೇರಿಯಲ್ಲಿ ಸೋರುವುದು, ಮಗಳ ಬಾಗಿಲ ಮುಂದೆ ಅರ್ಧ ದಿನ ರಿಪೇರಿ. ಒಮ್ಮೆ ಅಫಜಲಪುರದ ಮಿಸ್ತ್ರಿ ಇವರ ಅವಸ್ಥೆಗೆ ಮರುಗಿ, ಹೇಳದೆ ಕೇಳದೆ ಸೀಳಿಗೆ ವೆಲ್ಡಿಂಗ್ ಹೊಡೆದುಬಿಟ್ಟ. ಆ ದಿನ ಒಂದು ಹನಿಯೂ ಬೀಳಲಿಲ್ಲ. ಕಾಕಾ ಇಜೇರಿಯ ಸೀಮೆಯಿಂದಲೇ ಹೊರಳಿ ಸೀದಾ ಅವನ ಅಂಗಡಿಗೆ ಬಂದರು.

"ಇಷ್ಟು ಪಕ್ಕಾ ಮಾಡಂತ ಯಾರು ಹೇಳಿದ್ರು ನಿನಗ?"

"ಗಾಡಿ ಛಲೋ ಓಡ್ಲಿ ಅಂತ ಮಾಡೀನ್ರಿ ಕಾಕಾ."

"ನನಗ ಇಜೇರಿ ತನಕ ಓಡಿದ್ರ ಸಾಕಿತ್ತೋ ಮಾರಾಯ."

ಒಳ್ಳೆಯ ಕೆಲಸಕ್ಕೆ ಬೈಸಿಕೊಂಡ ಮಿಸ್ತ್ರಿ ಜಗತ್ತಿನಲ್ಲಿ ಅವನೊಬ್ಬನೇ ಇರಬೇಕು. ಪಾಪ, ಉಳಿ ತಂದು ಮತ್ತೆ ಸೀಳಿಕೊಟ್ಟ.

ಎಲ್ಲ ಸುಸೂತ್ರವಾಗಿತ್ತು. ಕೆಡಿಸಿದವನು ಅಳಿಯ. ಮಾವ ಪಡುವ ಪಾಡು ನೋಡಲಾಗದೆ ಆ ಒಳ್ಳೆಯ ಹುಡುಗ ಎಲ್ಲಿಂದಲೋ ಹೊಸ ಕವರು, ಪ್ಯಾಕಿಂಗು ತರಿಸಿ, ತಾನೇ ಕೂತು ಬೋಲ್ಟು ಬಿಗಿದ. "ಮಾಮಾ, ಇನ್ನ ಎಲ್ಲೂ ನಿಂದ್ರೋ ತ್ರಾಸ ಇಲ್ರಿ" ಎಂದ. ಅಳಿಯ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಲಾದೀತೇ? ಕಾಕಾ "ಭಾಳ ಛಲೋ ಆತ್ರಿ" ಎಂದರು.

ಆಮೇಲೆ ಅವರು ಇಜೇರಿಗೆ ಹೋಗಲಿಲ್ಲ. ಕವರನ್ನು ಒರೆಸುವುದು, ಅದರ ಕೆಳಗಿನ ಒಣ ನೆಲ ನೋಡುವುದು, ಮತ್ತೆ ಒರೆಸುವುದು. ಊಟಕ್ಕೆ ಎರಡು ತಾಟು ಹಾಕಿ, ನೆನಪಾಗಿ ಒಂದನ್ನು ಎತ್ತಿಡುವುದನ್ನು ನಾನೇ ನೋಡಿದೆ. ಬೈಯುವುದನ್ನೂ ಬಿಟ್ಟಿದ್ದರು. ನಗಿಸಲು ಹೋದರೆ ನನಗೇ ಅಳು ಬರುವಂತಾಗುತ್ತಿತ್ತು.

ಕಡೆಗೊಂದು ಮುಂಜಾನೆ "ನಡೀಲೇ" ಎಂದರು. ನಾನು ಹಿಂದೆ ಹತ್ತಿ ಕೂತೆ. ಇಜೇರಿಯಲ್ಲಿ ಬೀಗರ ಮನೆ ದಾಟಿ ಊರ ತುದಿಯ ತನಕ ಹೋದರು. ಹೊರಳಿ ಬಂದು ಮತ್ತೆ ದಾಟಿದರು. ಮೂರನೇ ಸಲ ಮಗಳು ಅಂಗಳಕ್ಕೆ ಬಂದು ನಿಂತಿದ್ದಳು.

"ಅಪ್ಪಾ, ಇವತ್ತೇನ್ ಕೆಟ್ಟದ?"

ಕಾಕಾ ಇಂಜಿನ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗಾಡಿ ಬಂದ್ ಮಾಡಿದರು.

"ಏನೂ ಕೆಟ್ಟಿಲ್ಲವ್ವಾ. ನಿನ್ನ ನೋಡ್ಬೇಕನಿಸ್ತು, ಬಂದೆ."

ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆ "ಒಳಗ ಬರ್ರಿ ಬೀಗರ, ಊಟಾ ಮಾಡ್ಕೊಂಡು ಹೋಗ್ರಿ" ಎಂದರು.

ಕಾಕಾ ಎರಡನೇ ಸಲ ಕರೆಸಿಕೊಳ್ಳಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟರಲ್ಲಿ ಅವರು ರಿವಾಜಿನ ಹೊಸ್ತಿಲು ದಾಟಿ ಮಗಳ ಪಕ್ಕದಲ್ಲಿ ಕೂತಾಗಿತ್ತು.